ಇಳಿಯೋನಿಗೆ ಕಾಸು, ನಿಂತೋನಿಗೆ ಸೀಟಿಲ್ಲ

ಅಂಗಡಿ ಇಟ್ಟವರಿಗೆ ಒಂದು ಲೆಕ್ಕ. ನಿಮ್ಮ ನೂರು ರೂಪಾಯಿ ವ್ಯಾಪಾರದಲ್ಲಿ ಸುಮಾರು ಹನ್ನೆರಡು ರೂಪಾಯಿ ಒಬ್ಬನೇ ಗಿರಾಕಿಯಿಂದ ಬರುತ್ತಿದೆ. ಆದರೆ ಗಿರಾಕಿ ಮಹಾ ಚೌಕಾಸಿ ಆಸಾಮಿ. ಅವನಿಗೆ ಕೊಟ್ಟ ಸಾಮಾನಿನಲ್ಲಿ ಗಿಟ್ಟುವುದು ಅಷ್ಟಕ್ಕಷ್ಟೆ. ಅವನ ಸಾಮಾನು ಕಟ್ಟಲಿಕ್ಕೆ, ಸಾಗಿಸಲಿಕ್ಕೆ ಅಂತಲೇ ನಾಲ್ಕು ಹುಡುಗರನ್ನು ಇಟ್ಟುಕೊಂಡಿದ್ದೀರಿ. ಮೇಲಾಗಿ ಅವನು ಎದುರು ಬೀದಿಯಲ್ಲಿ ನಿಮ್ಮಂಥದ್ದೇ ಅಂಗಡಿ ಬೇರೆ ಹಾಕಿದ್ದಾನೆ. ಈಗ ಅವನನ್ನು ಇಟ್ಟುಕೊಳ್ಳುವುದೋ, ಬಿಡುವುದೋ? ಬಿಟ್ಟರೆ ಹುಡುಗರನ್ನು ಏನು ಮಾಡುವುದು?

ಅಮೆರಿಕದ ಅತಿ ದೊಡ್ಡ ಪಾರ್ಸೆಲ್ ಕಂಪನಿಗಳಲ್ಲಿ ಒಂದಾದ ಯುನೈಟೆಡ್ ಪಾರ್ಸೆಲ್ ಸರ್ವಿಸ್ ಈ ಪ್ರಶ್ನೆಗೆ 2025ರ ಜನವರಿ 30ರಂದು ಉತ್ತರ ಕೊಟ್ಟಿತು. ಜನ ಅದನ್ನು ಯು.ಪಿ.ಎಸ್. ಅಂತ ಕರೆಯುತ್ತಾರೆ. ಕರೆಂಟು ಹೋದಾಗ ಮೂಲೆಯಲ್ಲಿ ಕುಂಯ್ ಅನ್ನುವ ಡಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಚೌಕಾಸಿ ಗಿರಾಕಿಯ ಹೆಸರು ಅಮೆಜಾನ್. 2024ರಲ್ಲಿ ಯು.ಪಿ.ಎಸ್. ಮಾಡಿದ ಸುಮಾರು 9,100 ಕೋಟಿ ಡಾಲರ್ ವ್ಯವಹಾರದಲ್ಲಿ ಶೇಕಡಾ 11.8 ಪಾಲು ಈ ಒಬ್ಬ ಗಿರಾಕಿಯದೇ. 2026ರ ಉತ್ತರಾರ್ಧದ ಹೊತ್ತಿಗೆ ಅಮೆಜಾನಿನ ಡಬ್ಬಗಳನ್ನು ಅರ್ಧಕ್ಕಿಂತ ಹೆಚ್ಚು ಕಡಿಮೆ ಮಾಡುತ್ತೇವೆ ಎಂದು ಕಂಪನಿ ಸಾರಿತು. ನಮ್ಮ ಅತಿ ದೊಡ್ಡ ಗಿರಾಕಿ ಅವರೇ ಇರಬಹುದು, ಆದರೆ ಹೆಚ್ಚು ಲಾಭ ಕೊಡುವ ಗಿರಾಕಿ ಅವರಲ್ಲ ಎಂಬುದು ಕಂಪನಿಯ ಮುಖ್ಯಸ್ಥೆ ಕೆರೊಲ್ ಟೋಮೆ ಅವರ ವಾದ. ಅಮೆಜಾನ್ ಕಡೆಯವರು ಕೈ ತೊಳೆದುಕೊಂಡರು: ಕಡಿಮೆ ಮಾಡಿ ಅಂತ ಕೇಳಿದ್ದು ಅವರೇ, ನಾವಲ್ಲ. ಆ ದಿನ ಶೇರು ಪೇಟೆಯಲ್ಲಿ ಯು.ಪಿ.ಎಸ್. ಬೆಲೆ ಶೇಕಡಾ 14ರಷ್ಟು ಕುಸಿಯಿತು.

ಇನ್ನುಳಿದದ್ದು ಆ ನಾಲ್ಕು ಹುಡುಗರ ಕಥೆ. ಇಲ್ಲಿ ಅವರ ಸಂಖ್ಯೆ ನಾಲ್ಕಲ್ಲ, ಲಕ್ಷಗಟ್ಟಲೆ. ಅವರಿಗೆ ಯೂನಿಯನ್ ಇದೆ, ಅದೂ ಸಾಮಾನ್ಯ ಯೂನಿಯನ್ ಅಲ್ಲ.

ಗಾಡಿ ಹೊಡೆಯೋರ ಸಂಘ

ಯು.ಪಿ.ಎಸ್. ಹುಟ್ಟಿದ್ದು 1907ರಲ್ಲಿ, ಸಿಯಾಟಲ್ ನಗರದಲ್ಲಿ. ಹತ್ತೊಂಬತ್ತು ವರ್ಷದ ಜಿಮ್ ಕೇಸಿ ಎಂಬ ಹುಡುಗ ನೂರು ಡಾಲರ್ ಸಾಲ ಮಾಡಿ ಶುರು ಮಾಡಿದ ಸಂದೇಶ ತಲುಪಿಸುವ ವ್ಯಾಪಾರ ಅದು. ಇವತ್ತು ಅದರ ಕಂದು ಬಣ್ಣದ ಗಾಡಿ, ಕಂದು ಬಣ್ಣದ ಅಂಗಿ ಕಾಣದ ಊರು ಅಮೆರಿಕದಲ್ಲಿ ಇಲ್ಲವೆನ್ನಬಹುದು. ಒಂದೊಂದು ನಿಮಿಷಕ್ಕೂ ಲೆಕ್ಕ ಇಡುವ ಕಂಪನಿ ಇದು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವಲ್ಲ, ಎಡಕ್ಕೆ ತಿರುಗಬೇಕಾದರೆ ಎದುರಿನಿಂದ ಬರುವ ಗಾಡಿಗಳಿಗೆ ಕಾದು ನಿಲ್ಲಬೇಕು. ಆ ಕಾಯುವ ಹೊತ್ತು ದಂಡ ಅಂತ ಆದಷ್ಟು ಬಲಕ್ಕೇ ತಿರುಗುವ ಹಾಗೆ ಡ್ರೈವರುಗಳ ದಾರಿಯನ್ನು ಹೆಣೆದಿದ್ದಾರೆ. ಅಂಥವರು ಮನುಷ್ಯರ ತಲೆ ಎಣಿಸದೆ ಬಿಡುತ್ತಾರೆಯೇ?

ಯೂನಿಯನ್ನಿನ ಹೆಸರು ಟೀಮ್‌ಸ್ಟರ್ಸ್. ಹುಟ್ಟಿದ್ದು 1903ರಲ್ಲಿ. ಟೀಮ್ ಅಂದರೆ ಇಲ್ಲಿ ಆಟಗಾರರ ತಂಡವಲ್ಲ, ನೊಗಕ್ಕೆ ಕಟ್ಟಿದ ಜೋಡಿ. ಟೀಮ್‌ಸ್ಟರ್ ಅಂದರೆ ಗಾಡಿ ಹೊಡೆಯುವವನು. ಇವತ್ತಿಗೂ ಸಂಘದ ಲಾಂಛನದಲ್ಲಿ ಎರಡು ಕುದುರೆ ತಲೆಗಳಿವೆ. 1975ರಲ್ಲಿ ಹಾಡಹಗಲೇ ಕಾಣೆಯಾಗಿ ಇವತ್ತಿನವರೆಗೂ ಪತ್ತೆಯಾಗದ ಜಿಮ್ಮಿ ಹೋಫಾ ಎಂಬ ನಾಯಕ ಈ ಸಂಘದವನೇ. ಒಳ್ಳೆಯ ಹೆಸರೂ ಇದೆ, ಕೆಟ್ಟ ಹೆಸರೂ ಇದೆ. ಆದರೆ ಶಕ್ತಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ. 1997ರ ಆಗಸ್ಟಿನಲ್ಲಿ 1,85,000 ಕಾರ್ಮಿಕರು 15 ದಿನ ಕೆಲಸ ನಿಲ್ಲಿಸಿ ಕಂಪನಿಯನ್ನು ಮಣಿಸಿದ್ದರು. ಅವತ್ತಿನ ಮುಖ್ಯ ತಕರಾರು: ಅರ್ಧ ದಿನದ ಕೆಲಸಗಾರರನ್ನೇ ಪೇರಿಸಿಕೊಂಡು ಹೋಗುತ್ತೀರಿ, ಪೂರ್ಣ ಕೆಲಸ ಯಾವಾಗ ಕೊಡುತ್ತೀರಿ?

ಈ ಅರ್ಧ ದಿನದ ಕೆಲಸಗಾರ ಯಾರು ಅನ್ನುವುದು ಮುಖ್ಯ. ಕಂದು ಗಾಡಿಯ ಡ್ರೈವರು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಅವನ ಗಾಡಿಗೆ ಬೆಳಗಿನ ಜಾವ ಡಬ್ಬ ತುಂಬುವವನು ಯಾರ ಕಣ್ಣಿಗೂ ಬೀಳುವುದಿಲ್ಲ. ಊರು ಮಲಗಿರುವಾಗಲೇ ಗೋಡೌನಿಗೆ ಬಂದು, ಓಡುವ ಬೆಲ್ಟಿನಿಂದ ಡಬ್ಬ ಎತ್ತಿ, ಯಾವ ಬೀದಿಯದು ಅಂತ ನೋಡಿ ಗಾಡಿಯೊಳಗೆ ಜೋಡಿಸುವ ಕೆಲಸ ಅವನದು. ಪಾಳಿಗೆ ಖಾತ್ರಿ ಇರುವುದು ಮೂರೂವರೆ ಗಂಟೆಯ ಸಂಬಳ. ಯು.ಪಿ.ಎಸ್.ನಲ್ಲಿರುವ ಯೂನಿಯನ್ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂಥವರು. ಇವರೆಲ್ಲ ಯಾಕೆ ಅಲ್ಲಿರುತ್ತಾರೆ? ಒಂದು, ಅರ್ಧ ದಿನದವರಿಗೂ ಸಿಗುವ ಆಸ್ಪತ್ರೆ ಖರ್ಚಿನ ವಿಮೆ. ಇನ್ನೊಂದು, ಆಸೆ. ಹಿರಿತನದ ಪಟ್ಟಿಯಲ್ಲಿ ಹೆಸರು ಮೇಲೆ ಮೇಲೆ ಬಂದು ಒಂದು ದಿನ ಡ್ರೈವರ್ ಸೀಟು ಸಿಗುತ್ತದೆ ಎಂಬ ಆಸೆ. ವರ್ಷಗಟ್ಟಲೆ ಕಾಯುತ್ತಾರೆ.

2023ರ ಗೆಲುವು

2018ರಲ್ಲಿ ಯೂನಿಯನ್ ಒಂದು ಎಡವಟ್ಟು ಒಪ್ಪಂದ ಮಾಡಿಕೊಂಡಿತ್ತು. ಅದೇ ಗಾಡಿ, ಅದೇ ಡಬ್ಬ, ಆದರೆ ಕಡಿಮೆ ಸಂಬಳದ ಎರಡನೇ ದರ್ಜೆ ಡ್ರೈವರುಗಳನ್ನು ಸೃಷ್ಟಿಸಿದ ಒಪ್ಪಂದ ಅದು. ವೋಟು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಡ ಅಂದರು. ಆದರೂ ಅರ್ಧದಷ್ಟು ಸದಸ್ಯರೂ ವೋಟಿಗೆ ಬಂದಿಲ್ಲ, ಹೀಗಾದಾಗ ತಳ್ಳಿಹಾಕಲು ಮೂರರಲ್ಲಿ ಎರಡು ಪಾಲು ವೋಟು ಬೇಕು ಎಂಬ ಹಳೇ ನಿಯಮ ತೋರಿಸಿ ನಾಯಕರು ಅದನ್ನು ಜಾರಿಗೆ ತಂದುಬಿಟ್ಟರು. ಆ ಸಿಟ್ಟಿನ ಮೇಲೆ ಸವಾರಿ ಮಾಡಿ ಗೆದ್ದು ಬಂದವರು ಬಾಸ್ಟನ್ನಿನ ಷಾನ್ ಓಬ್ರಯನ್. 2022ರ ಮಾರ್ಚಿನಲ್ಲಿ ಅಧ್ಯಕ್ಷರಾದರು. ಬಾಯಿ ಜೋರು, ತೋಳು ಏರಿಸುವ ಜಾತಿ.

2023ರಲ್ಲಿ ಒಪ್ಪಂದ ಮುಗಿಯುವ ಕಾಲ ಬಂತು. ಮುಷ್ಕರಕ್ಕೆ ಒಪ್ಪಿಗೆ ಕೇಳಿದಾಗ ಶೇಕಡಾ 97 ಮಂದಿ ಸೈ ಅಂದರು. 3,40,000 ಜನ ಒಟ್ಟಿಗೆ ಕೈ ಕಟ್ಟಿ ನಿಂತರೆ ದೇಶದ ವ್ಯಾಪಾರವೇ ನಿಲ್ಲುತ್ತದೆ. ಜುಲೈ 25ರಂದು ಕಂಪನಿ ರಾಜಿಗೆ ಬಂತು. ಆಗಸ್ಟಿನಲ್ಲಿ ಶೇಕಡಾ 86.3 ಸದಸ್ಯರು ಒಪ್ಪಂದಕ್ಕೆ ವೋಟು ಹಾಕಿದರು. ಸಿಕ್ಕಿದ್ದೇನು ಕಡಿಮೆಯಲ್ಲ. ಅರ್ಧ ದಿನದವರಿಗೆ ಗಂಟೆಗೆ ಕನಿಷ್ಠ 21 ಡಾಲರ್. ಪೂರ್ಣಾವಧಿಯ ಡ್ರೈವರಿಗೆ ಒಪ್ಪಂದದ ಕೊನೆಗೆ ಸರಾಸರಿ ಗಂಟೆಗೆ 49 ಡಾಲರ್. ಎರಡನೇ ದರ್ಜೆ ರದ್ದು. ಬೇಸಿಗೆಯಲ್ಲಿ ಕಾದ ಹೆಂಚಾಗುವ ಗಾಡಿಗಳಿಗೆ, 2024ರಿಂದ ಕೊಳ್ಳುವ ಹೊಸ ಗಾಡಿಗಳಿಗಾದರೂ, ಎ.ಸಿ. ಇದರ ಜೊತೆಗೆ ಇನ್ನೊಂದು ಮಾತು: 7,500 ಹೊಸ ಪೂರ್ಣಾವಧಿ ಕೆಲಸ, 22,500 ಖಾಲಿ ಜಾಗ ಭರ್ತಿ. ಒಟ್ಟು 30,000. ಈ ಸಂಖ್ಯೆ ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಒಪ್ಪಂದದ ಕೊನೆಗೆ ಡ್ರೈವರೊಬ್ಬನಿಗೆ ಸಂಬಳ, ಸವಲತ್ತು ಎಲ್ಲ ಸೇರಿ ವರ್ಷಕ್ಕೆ 1,70,000 ಡಾಲರ್ ಖರ್ಚು ಬೀಳುತ್ತದೆ ಎಂದು ಟೋಮೆ ಹೇಳಿದ್ದೇ ತಡ, ಅಮೆರಿಕದ ಓದಿದವರೆಲ್ಲ ಹೊಟ್ಟೆ ಉರಿದುಕೊಂಡರು. ಡಬ್ಬ ಹೊರುವವನಿಗೆ ಇಷ್ಟಾ! ಅದರಲ್ಲಿ ವಿಮೆ, ಪಿಂಚಣಿ ಕಂತು ಎಲ್ಲ ಸೇರಿದೆ, ಕೈಗೆ ಬರುವುದು ಅಷ್ಟಲ್ಲ ಎಂಬುದನ್ನು ಕೇಳುವ ವ್ಯವಧಾನ ಯಾರಿಗಿತ್ತು?

ಅದೇ ವಾರದಲ್ಲಿ ಅದೇ ಯೂನಿಯನ್ನಿನ ಇನ್ನೊಂದು ಮನೆ ಸುಟ್ಟುಹೋಯಿತು. ಯೆಲ್ಲೋ ಎಂಬ ಲಾರಿ ಸಾಗಾಣಿಕೆ ಕಂಪನಿ ನೂರು ವರ್ಷಕ್ಕೆ ಹತ್ತಿರ ಬಂದಿದ್ದ ಸಂಸ್ಥೆ. ಸರ್ಕಾರದಿಂದ 2020ರಲ್ಲಿ 70 ಕೋಟಿ ಡಾಲರ್ ಸಾಲ ಪಡೆದರೂ ಉಳಿಯದೆ 2023ರ ಜುಲೈ ಕೊನೆಗೆ ಬಾಗಿಲು ಮುಚ್ಚಿ, ಆಗಸ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಸುಮಾರು 30,000 ಕೆಲಸ ಹೋಯಿತು, ಅದರಲ್ಲಿ 22,000ದಷ್ಟು ಟೀಮ್‌ಸ್ಟರುಗಳದ್ದು. ಯು.ಪಿ.ಎಸ್. ಗೆಲುವಿನ ಪಟಾಕಿ ಸದ್ದಿನಲ್ಲಿ ಆ ಅಳು ಹೆಚ್ಚು ದೂರ ಕೇಳಿಸಲಿಲ್ಲ.

ಆದರೆ ಯು.ಪಿ.ಎಸ್.ನಲ್ಲೂ ಒಂದು ಬಿರುಕು ಆಗಲೇ ಬಿದ್ದಿತ್ತು. ಮುಷ್ಕರ ಆಗಿಯೇ ಆಗುತ್ತದೆ ಎಂದು ಹೆದರಿ ಎಷ್ಟೋ ವ್ಯಾಪಾರಿಗಳು ತಮ್ಮ ಡಬ್ಬಗಳನ್ನು ಬೇರೆ ಕಂಪನಿಗಳಿಗೆ ಹೊರಳಿಸಿದ್ದರು. ಕಂಪನಿಯೇ ಹೇಳಿದಂತೆ ದಿನಕ್ಕೆ ಸುಮಾರು 10 ಲಕ್ಷ ಡಬ್ಬ. ಒಂದು ವಾರ ಅಂಗಡಿ ಮುಚ್ಚಿ ತೆರೆದವರಿಗೆ ಗೊತ್ತು, ಪಕ್ಕದಂಗಡಿ ಅಭ್ಯಾಸವಾದ ಗಿರಾಕಿಯನ್ನು ತಿರುಗಿ ಕರೆತರುವುದು ಎಂಥ ಪಾಡು ಅಂತ. ಇಲ್ಲಿ ಅಂಗಡಿ ಮುಚ್ಚಿಯೂ ಇರಲಿಲ್ಲ, ಮುಚ್ಚಬಹುದು ಎಂಬ ಮಾತಿಗೇ ಇಷ್ಟಾಯಿತು.

ಕತ್ತರಿ ಬಿದ್ದದ್ದು

ಮೊದಲ ಕತ್ತರಿ ಯೂನಿಯನ್ನಿನವರಿಗಲ್ಲ, ಮೇಜಿನವರಿಗೆ. 2024ರ ಜನವರಿಯಲ್ಲಿ 12,000 ಜನರನ್ನು ಮನೆಗೆ ಕಳಿಸುತ್ತೇವೆ ಎಂದು ಕಂಪನಿ ಹೇಳಿತು. ಬಹುಪಾಲು ಮ್ಯಾನೇಜರುಗಳು. ಗೋಡೌನಿನಲ್ಲಿ ಯಾರೂ ಕಣ್ಣೀರು ಹಾಕಿದಂತಿಲ್ಲ.

2025ರ ಜನವರಿಯಲ್ಲಿ ಅಮೆಜಾನ್ ಘೋಷಣೆ. ಏಪ್ರಿಲ್ 29ರಂದು ಅದರ ಬೆನ್ನಿಗೇ ಇನ್ನೊಂದು: ಆ ವರ್ಷ 20,000 ಕೆಲಸ ಕಡಿತ, ಜೂನ್ ಮುಗಿಯುವುದರೊಳಗೆ 73 ಕಟ್ಟಡಗಳಿಗೆ ಬೀಗ. ಇದರಿಂದ ಉಳಿಯುವುದು 350 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟರು. ಹಿಂದಿನ ವರ್ಷ, 2024ರಲ್ಲಿ, ಇದೇ ಕಂಪನಿ ಶೇರುದಾರರಿಗೆ ಹಂಚಿದ ಲಾಭಾಂಶ ಸುಮಾರು 540 ಕೋಟಿ ಡಾಲರ್. ಎರಡು ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚಿಗೆ ಹೇಳಬೇಕಾದ್ದಿಲ್ಲ.

ಓಬ್ರಯನ್ ಗುಡುಗಿದರು. ಮ್ಯಾನೇಜರುಗಳನ್ನು ಕಡಿಮೆ ಮಾಡುತ್ತೀರಾ, ಮಾಡಿಕೊಳ್ಳಿ, ನಾವು ಅಡ್ಡ ಬರುವುದಿಲ್ಲ. ಆದರೆ ಒಪ್ಪಂದ ಮುರಿದು ನಮ್ಮವರ ಕೆಲಸಕ್ಕೆ ಕೈ ಹಾಕಿದರೆ ಸುಮ್ಮನಿರುವುದಿಲ್ಲ. 30,000 ಕೆಲಸ ಕೊಡುತ್ತೇವೆ ಎಂದು ಕಾಗದದ ಮೇಲೆ ಬರೆದುಕೊಟ್ಟಿದ್ದೀರಿ, ನೆನಪಿರಲಿ. ಮಾತಿನ ತಾತ್ಪರ್ಯ ಇದು. ಮಾತಿನಲ್ಲಿ ಖಾರ ಇತ್ತು. ಕಟ್ಟಡಗಳು ಮಾತ್ರ ಒಂದೊಂದಾಗಿ ಮುಚ್ಚಿದವು.

ಕಟ್ಟಡ ಮುಚ್ಚಿದ ಕೂಡಲೇ ಒಳಗಿದ್ದವರೆಲ್ಲ ಬೀದಿಪಾಲಾಗುತ್ತಾರೆ ಅಂತಲ್ಲ. ಕೆಲಸ ಯಾವ ಕಟ್ಟಡಕ್ಕೆ ಹೋಯಿತೋ ಅಲ್ಲಿಗೆ ಹಿರಿತನದ ಮೇಲೆ ತಾನೂ ಹೋಗುವ ಹಕ್ಕು ಯೂನಿಯನ್ ಕೆಲಸಗಾರನಿಗಿದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ದಿನಾ ಬಸ್ಸು ಹತ್ತುವವರು ಒಂದು ಸಾರಿ ಯೋಚಿಸಬೇಕು. ಕೆಲಸವೇ ಮೂರೂವರೆ ಗಂಟೆ. ಗಂಟೆಗೆ 21ರಂತೆ ಕೈಗೆ ಬರುವುದು 73 ಡಾಲರ್ ಚಿಲ್ಲರೆ, ತೆರಿಗೆ ಕಳೆದರೆ ಇನ್ನೂ ಕಡಿಮೆ. ಹೊಸ ಕಟ್ಟಡ ಐವತ್ತು ಅರವತ್ತು ಕಿಲೋಮೀಟರ್ ದೂರವಿದ್ದರೆ? ಬೆಳಗಿನ ಜಾವ ಮೂರು ಗಂಟೆಗೆ ಯಾವ ಬಸ್ಸು? ಸ್ವಂತ ಕಾರಿದ್ದರೆ ಪೆಟ್ರೋಲು ಯಾರಪ್ಪನದು? ಅವನು ಹೋಗುವುದಿಲ್ಲ. ಹೋಗದಿದ್ದರೆ ಅದು ಕಡಿತ ಅನ್ನಿಸಿಕೊಳ್ಳುವುದಿಲ್ಲ, ತಾನಾಗಿ ಬಿಟ್ಟುಹೋದ ಅನ್ನಿಸಿಕೊಳ್ಳುತ್ತದೆ. ಅರ್ಧ ದಿನದ ಕೆಲಸಕ್ಕೆ ದೂರವೇ ದೊಡ್ಡ ನೋಟೀಸು.

ದುಡ್ಡು ತಗೊಂಡು ಇಳಿ

ಡ್ರೈವರುಗಳ ವಿಷಯ ಬೇರೆ. ಪೂರ್ಣಾವಧಿಯ ಡ್ರೈವರನ್ನು ಸುಮ್ಮನೆ ಕಿತ್ತುಹಾಕಲು ಬರುವುದಿಲ್ಲ. ಕೆಲಸ ಕಡಿಮೆಯಾದರೆ ಹೊಸಬನಿಂದ ಶುರು ಮಾಡಿ ಹಿರಿಯನ ಕಡೆಗೆ ಹೋಗಬೇಕು. ಅಂದರೆ ಸಂಬಳ ಹೆಚ್ಚು ತಿನ್ನುವ ಹಿರಿಯನೇ ಕೊನೆಗೆ ಉಳಿಯುತ್ತಾನೆ. ಕಂಪನಿಗೆ ಬೇಕಾದ್ದು ಅದಲ್ಲ. ಹಾಗಾಗಿ 2025ರ ಜುಲೈ ತಿಂಗಳಲ್ಲಿ, ಯು.ಪಿ.ಎಸ್. ಚರಿತ್ರೆಯಲ್ಲೇ ಮೊದಲ ಬಾರಿಗೆ, ಡ್ರೈವರುಗಳಿಗೆ ಸ್ವಯಂ ನಿವೃತ್ತಿ ಯೋಜನೆ ಹೊರಬಿತ್ತು. ಮಾತು ನಯವಾಗಿದೆ: ಡ್ರೈವರನ ಇಷ್ಟ.

ಇಷ್ಟದ ಬೆಲೆ ಎಷ್ಟು? ಸೇವೆ ಮಾಡಿದ ಒಂದೊಂದು ವರ್ಷಕ್ಕೆ 1,800 ಡಾಲರ್, ಕನಿಷ್ಠ 10,000. ದುಡಿದು ಗಳಿಸಿದ ಪಿಂಚಣಿಯನ್ನು ಮುಟ್ಟುವುದಿಲ್ಲ, ಅದು ಬೇರೆ. ಡಾಲರ್ ಅಂದ ಕೂಡಲೇ ನಮ್ಮವರು ತೊಂಬತ್ತರಿಂದ ಗುಣಿಸಿ ಬಾಯಿ ಬಿಡುತ್ತಾರೆ. ಹಾಗೆ ಗುಣಿಸಬಾರದು, ಅವರ ಸಂಬಳದಿಂದಲೇ ಭಾಗಿಸಬೇಕು. ಇಪ್ಪತ್ತೈದು ವರ್ಷ ಗಾಡಿ ಓಡಿಸಿದವನಿಗೆ ಬರುವುದು 45,000 ಡಾಲರ್. ವಾರಕ್ಕೆ ನಲವತ್ತು ಗಂಟೆಯಂತೆ ಅವನ ಬರೀ ಮೂಲ ಸಂಬಳ ಲೆಕ್ಕ ಹಾಕಿದರೂ ಈ ಮೊತ್ತ ಆರು ತಿಂಗಳಿಗೆ ಸಾಲದು. ವರ್ಷದ ದುಡಿಮೆಗೆ ಹೆಚ್ಚೆಂದರೆ ಐದು ದಿನದ ಕೂಲಿ.

ನಮ್ಮ ಕಡೆಯ ಲೆಕ್ಕ ನೋಡಿ. ಇಲ್ಲಿ ಗ್ರಾಚುಟಿಯೇ ವರ್ಷಕ್ಕೆ 15 ದಿನದ ಸಂಬಳ. 2019ರಲ್ಲಿ ಬಿ.ಎಸ್.ಎನ್.ಎಲ್. ಸ್ವಯಂ ನಿವೃತ್ತಿ ಕೊಟ್ಟಾಗ ಸೇವೆಯ ಪ್ರತಿ ವರ್ಷಕ್ಕೆ 35 ದಿನ, ಉಳಿದಿದ್ದ ಪ್ರತಿ ವರ್ಷಕ್ಕೆ 25 ದಿನ ಎಂಬ ಸೂತ್ರ ಇತ್ತು. 78,000ಕ್ಕೂ ಹೆಚ್ಚು ಮಂದಿ 2020ರ ಜನವರಿ 31ರಂದು ಒಂದೇ ದಿನ ಮನೆಗೆ ಹೋದರು. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಮಾರನೇ ದಿನ ಕುರ್ಚಿಗಳಷ್ಟೇ ಕೂತಿದ್ದದ್ದನ್ನು ಎಷ್ಟೋ ಊರುಗಳು ನೋಡಿವೆ. ಅದು ಸಂಬಳಕ್ಕೇ ತಡಬಡಾಯಿಸುತ್ತಿದ್ದ ಸರ್ಕಾರಿ ಕಂಪನಿ. ಇದು ಸಾವಿರಾರು ಕೋಟಿಯ ಖಾಸಗಿ ಕಂಪನಿ. ಬಡವನ ಸೂತ್ರ 35 ದಿನ, ಸಾಹುಕಾರನ ಸೂತ್ರ 5 ದಿನ.

ಯೂನಿಯನ್ ತನ್ನವರಿಗೆ ಹೇಳಿತು: ಸಹಿ ಹಾಕಬೇಡಿ. ಆದರೂ ಸಹಿ ಬಿತ್ತು. ಸಹಿ ಹಾಕಿದವರನ್ನು ಬೈಯುವುದು ಸುಲಭ, ನ್ಯಾಯವಲ್ಲ. ಮೂವತ್ತು ವರ್ಷ ಗಾಡಿಯಿಂದ ದಿನಕ್ಕೆ ನೂರಾರು ಸಲ ಹತ್ತಿ ಇಳಿದವನ ಮಂಡಿ ಏನಾಗಿರುತ್ತದೆ ಅಂತ ಅವನ ಮಂಡಿಗೇ ಗೊತ್ತು. ಹೇಗೂ ಮುಂದಿನ ವರ್ಷ ಬಿಡಬೇಕೆಂದಿದ್ದವನಿಗೆ ಇದು ದಾರಿಯಲ್ಲಿ ಸಿಕ್ಕಿದ ಗಂಟು. ಅವನು ತೆಗೆದುಕೊಳ್ಳದೆ ಏನು ಮಾಡಿಯಾನು?

ಪ್ರಶ್ನೆ ಇಳಿದುಹೋದವನದ್ದಲ್ಲ, ಬಸ್ಸಿನಲ್ಲಿ ನಿಂತಿರುವವನದ್ದು. ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನ ಕಣ್ಣು ಎಲ್ಲಿರುತ್ತದೆ? ಯಾರು ಮುಂದಿನ ಸ್ಟಾಪಿನಲ್ಲಿ ಇಳಿಯಬಹುದು ಅನ್ನುವುದರ ಮೇಲೆ. ಕೂತವನು ಚೀಲ ಕೈಗೆ ತಗೊಂಡ ಅಂದರೆ ಇವನ ಜೀವಕ್ಕೆ ಹಿತ. ಸರಿ, ಕೂತವನು ಎದ್ದ, ಇಳಿದ. ಇವನು ಇನ್ನೇನು ಕೂರಬೇಕು, ಕಂಡಕ್ಟರು ಬಂದು ಸೀಟನ್ನೇ ಬಿಚ್ಚಿಕೊಂಡು ಹೋದ. ಯು.ಪಿ.ಎಸ್. ಮಾಡಿದ್ದು ಇದನ್ನೇ. ಹಿರಿಯ ಡ್ರೈವರ್ ದುಡ್ಡು ತಗೊಂಡು ಹೋದರೆ ಆ ಜಾಗ ಬೆಳಗಿನ ಜಾವ ಡಬ್ಬ ತುಂಬುವವನಿಗೆ ಬರಬೇಕಾಗಿತ್ತು. ಬರಲಿಲ್ಲ, ಜಾಗವೇ ಹೋಯಿತು. ಹಾಗಾಗಿ ಯಾರನ್ನೂ ತೆಗೆದಿಲ್ಲ ಎಂದು ಕಂಪನಿ ಹೇಳಿದರೆ ಅದು ಸುಳ್ಳೂ ಅಲ್ಲ. ಇದ್ದವನನ್ನು ಬಲವಂತವಾಗಿ ತೆಗೆದಿಲ್ಲ. ಬರಬೇಕಾದವನು ಬಾರದ ಹಾಗೆ ಮಾಡಿದ್ದಾರೆ. ಹೀಗೆ ಕಳೆದುಕೊಂಡವನಿಗೆ ಪರಿಹಾರವಿಲ್ಲ, ಅವನ ಹೆಸರು ಯಾವ ಕಡಿತದ ಪಟ್ಟಿಯಲ್ಲೂ ಇಲ್ಲ. ನಾಲ್ಕೈದು ವರ್ಷ ಕತ್ತಲಲ್ಲಿ ಎದ್ದು ಬಂದದ್ದೇ ಅವನ ಬಂಡವಾಳ, ಅದು ಮುಳುಗಿತು.

2025ರ ಅಕ್ಟೋಬರ್ 28ರಂದು ಕಂಪನಿ ಲೆಕ್ಕ ಬಿಚ್ಚಿಟ್ಟಾಗ ಪೇಟೆಯವರೂ ಒಮ್ಮೆ ಹುಬ್ಬೇರಿಸಿದರು. ಇಪ್ಪತ್ತು ಸಾವಿರ ಅಂದಿದ್ದು 34,000 ಆಗಿತ್ತು. ಅದು ಡ್ರೈವರು, ಗೋಡೌನಿನವರ ಕಡೆಯದು. ಮ್ಯಾನೇಜರುಗಳ ಕಡೆ ಬೇರೆ 14,000. ಒಟ್ಟು 48,000. ಬಾಗಿಲು ಹಾಕಿದ ಕಟ್ಟಡ 73 ಅಲ್ಲ, 93.

ಬೆಲೆ ಕಟ್ಟಿದ್ದರು, ತಲೆ ಕಟ್ಟಿರಲಿಲ್ಲ

ಇಲ್ಲಿ ಯೂನಿಯನ್ನಿನವರ ಕಡೆಗೂ ಒಂದು ಮಾತು ಹೋಗಬೇಕು. 2023ರ ಒಪ್ಪಂದವನ್ನು ಅವರು ಚರಿತ್ರೆಯಲ್ಲೇ ಕಾಣದ ಗೆಲುವು ಎಂದು ಮೆರೆಸಿದರು. ಗಂಟೆಗೆ ಎಷ್ಟು ಅನ್ನುವುದರಲ್ಲಿ ಅದು ಗೆಲುವೇ, ಸಂಶಯವಿಲ್ಲ. ಆದರೆ ಒಪ್ಪಂದ ಕೆಲಸದ ಬೆಲೆ ಕಟ್ಟಿತ್ತೇ ಹೊರತು ಡಬ್ಬಗಳ ಲೆಕ್ಕ ಕಟ್ಟಿರಲಿಲ್ಲ. ಯಾವ ಗಿರಾಕಿಯನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನುವುದು ಮಾಲೀಕನ ಕೈಯಲ್ಲೇ ಉಳಿದಿತ್ತು. ಗಿರಾಕಿ ಹೋದ ಮೇಲೆ ಡಬ್ಬವಿಲ್ಲ, ಡಬ್ಬವಿಲ್ಲದ ಮೇಲೆ ಗಾಡಿಯಿಲ್ಲ, ಗಾಡಿಯಿಲ್ಲದ ಮೇಲೆ ಗಂಟೆಗೆ 49 ಡಾಲರ್ ಎಂದು ಬರೆದ ಕಾಗದವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಮೂವತ್ತು ಸಾವಿರ ಕೆಲಸದ ಮಾತು ಒಪ್ಪಂದದಲ್ಲಿ ಇದೆ, ಸರಿ. ಮುಂದಿನ ಬಾಗಿಲಿಂದ ಅಷ್ಟು ಜನರನ್ನು ಒಳಗೆ ಬಿಡುವಾಗ ಹಿಂದಿನ ಬಾಗಿಲಿಂದ ಎಷ್ಟು ಜನ ಹೊರಗೆ ಹೋಗಬಹುದು? ಜಗಳದ ಗಂಟು ಇರುವುದು ಇಲ್ಲೇ.

ಕಂಪನಿಯ ವಾದದಲ್ಲೂ ಹುರುಳಿಲ್ಲದಿಲ್ಲ. ಅಮೆಜಾನ್ ಈಗ ಬರೀ ಗಿರಾಕಿಯಲ್ಲ, ಪ್ರತಿಸ್ಪರ್ಧಿ. ತನ್ನದೇ ವ್ಯಾನುಗಳನ್ನು ಬಿಟ್ಟು 2022ರ ಹೊತ್ತಿಗೇ ಅಮೆರಿಕದೊಳಗೆ ಯು.ಪಿ.ಎಸ್.ಗಿಂತ ಹೆಚ್ಚು ಡಬ್ಬ ಹಂಚುತ್ತಿತ್ತು. ಸಲೀಸಾದ ಬೀದಿಗಳನ್ನು ತಾನಿಟ್ಟುಕೊಂಡು ಗಿಟ್ಟದ ಡಬ್ಬಗಳನ್ನು ಇತರರ ತಲೆಗೆ ಕಟ್ಟುವ ಗಿರಾಕಿಯನ್ನು ಎಷ್ಟು ದಿನ ಹೊರಬೇಕು? ಅದರ ಜೊತೆಗೆ 2025ರಲ್ಲಿ ಟ್ರಂಪ್ ಸರ್ಕಾರ ಚೀನಾದಿಂದ ಬರುತ್ತಿದ್ದ ಅಗ್ಗದ ಸಣ್ಣ ಪಾರ್ಸೆಲುಗಳಿಗಿದ್ದ ಸುಂಕದ ರಿಯಾಯಿತಿಯನ್ನೂ ತೆಗೆಯಿತು. ಆ ಡಬ್ಬಗಳೂ ಇಳಿದವು. ದೊಡ್ಡದಾಗುವುದು ಬೇಡ, ಚೆನ್ನಾಗಿರುವುದು ಸಾಕು ಎಂಬುದು ಟೋಮೆಯವರ ಮಂತ್ರ. ಅಂಗಡಿಯವರು ಯಾರೂ ಇದನ್ನು ತಪ್ಪು ಅನ್ನಲಾರರು.

ಆದರೆ ಕೈಬಿಟ್ಟ ಡಬ್ಬ ಗಾಳಿಯಲ್ಲಿ ಮಾಯವಾಗುವುದಿಲ್ಲ. ಯಾರೋ ಒಬ್ಬ ಅದನ್ನು ಬಾಗಿಲಿಗೆ ತಲುಪಿಸಲೇಬೇಕು. ಬಹಳಷ್ಟು ಹೋಗುವುದು ಅಮೆಜಾನಿನ ನೀಲಿ ಅಂಗಿಯ ಹುಡುಗರ ಕೈಗೆ. ಅವರು ಅಮೆಜಾನಿನ ಅಂಗಿ ತೊಟ್ಟಿರುತ್ತಾರೆ, ಅಮೆಜಾನಿನ ವ್ಯಾನು ಓಡಿಸುತ್ತಾರೆ, ಆದರೆ ಅಮೆಜಾನಿನ ನೌಕರರಲ್ಲ. ಸಣ್ಣ ಸಣ್ಣ ಗುತ್ತಿಗೆದಾರರ ಕೆಳಗೆ ಇರುವವರು. ಇವರೂ ನಮ್ಮವರೇ ಎಂದು ಟೀಮ್‌ಸ್ಟರ್ಸ್ ಸಂಘ ಅವರನ್ನು ಸೇರಿಸಿಕೊಳ್ಳಲು ಓಡಾಡಿ, 2024ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗದ್ದಲದ ನಡುವೆ ಕೆಲವು ಕಡೆ ಮುಷ್ಕರವನ್ನೂ ಮಾಡಿಸಿತು. ಇವರು ನಮ್ಮ ನೌಕರರೇ ಅಲ್ಲ ಎಂಬುದು ಅಮೆಜಾನಿನ ಒಂದೇ ರಾಗ. ಹೀಗೆ ಒಂದು ಡಬ್ಬ ಕಂದು ಗಾಡಿಯಿಂದ ನೀಲಿ ವ್ಯಾನಿಗೆ ದಾಟಿದರೆ ಪಿಂಚಣಿ, ವಿಮೆ, ಹಿರಿತನ, ತಕರಾರು ಹೇಳುವ ಹಕ್ಕು ಎಲ್ಲ ರಸ್ತೆ ಮಧ್ಯದಲ್ಲೇ ಉದುರಿಹೋಗುತ್ತದೆ. ಮನೆಯಾಕೆಗೆ ಇದು ಗೊತ್ತಾಗುವುದಿಲ್ಲ. ಅವಳ ಡಬ್ಬ ಹೇಳಿದ ಹೊತ್ತಿಗೇ ಬಂದಿರುತ್ತದೆ.

2026ರ ಜನವರಿ 27ರಂದು ಕಂಪನಿ ಮುಂದಿನ ಕಂತು ಓದಿತು. ಈ ವರ್ಷ ಇನ್ನೂ 30,000ದವರೆಗೆ ಕಡಿತ, ವರ್ಷದ ಮೊದಲ ಅರ್ಧದಲ್ಲಿ 24 ಕಟ್ಟಡಗಳಿಗೆ ಬೀಗ, ಅಮೆಜಾನಿನ ಡಬ್ಬ ದಿನಕ್ಕೆ ಇನ್ನೂ 10 ಲಕ್ಷ ಕಡಿಮೆ. ಕೊಡುತ್ತೇವೆ ಎಂದು ಬರೆದುಕೊಟ್ಟದ್ದೂ ಮೂವತ್ತು ಸಾವಿರ, ತೆಗೆಯುತ್ತೇವೆ ಎಂದದ್ದೂ ಮೂವತ್ತು ಸಾವಿರ. ಬೇಕೆಂದೇ ಹೊಂದಿಸಿದ್ದಲ್ಲದಿರಬಹುದು. ಯಾರನ್ನೂ ದೂಡುವುದಿಲ್ಲ, ಬಿಟ್ಟುಹೋದವರ ಜಾಗ ತುಂಬುವುದಿಲ್ಲ ಅಷ್ಟೆ, ಮತ್ತು ಡ್ರೈವರುಗಳಿಗೆ ಇನ್ನೊಂದು ಸುತ್ತು ಸ್ವಯಂ ನಿವೃತ್ತಿ ಎಂದು ವಿವರಣೆ ಕೊಟ್ಟರು.

ಈ ಸಲ ಯೂನಿಯನ್ ಬರೀ ಹೇಳಿಕೆ ಕೊಟ್ಟು ಕೂರಲಿಲ್ಲ. 2026ರ ಫೆಬ್ರವರಿಯಲ್ಲಿ ಫೆಡರಲ್ ಕೋರ್ಟಿಗೆ ಹೋಯಿತು. ಒಪ್ಪಂದ ಜಾರಿಯಲ್ಲಿರುವಾಗ ಮುಷ್ಕರದ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ, ತಕರಾರು ಅರ್ಜಿ, ಪಂಚಾಯ್ತಿ, ಕೋರ್ಟು ಇಷ್ಟೇ ಉಳಿಯುವುದು. ಯೂನಿಯನ್ನಿನ ದೂರಿನ ತಿರುಳು ದುಡ್ಡು ಹೆಚ್ಚೋ ಕಡಿಮೆಯೋ ಎಂಬುದಲ್ಲ. ಕಂಪನಿ ನಮ್ಮನ್ನು ದಾಟಿಕೊಂಡು ಡ್ರೈವರುಗಳ ಮನೆ ಬಾಗಿಲಿಗೇ ಹೋಗಿ ಒಬ್ಬೊಬ್ಬನ ಜೊತೆ ವ್ಯಾಪಾರ ಕುದುರಿಸುತ್ತಿದೆ ಎಂಬುದು. ಅಮೆರಿಕದ 1935ರ ಕಾರ್ಮಿಕ ಕಾನೂನಿನ ಪ್ರಕಾರ ಯೂನಿಯನ್ ಇರುವ ಕಡೆ ಮಾಲೀಕ ಹಾಗೆ ಅದನ್ನು ಪಕ್ಕಕ್ಕೆ ತಳ್ಳಿ ಕೆಲಸಗಾರನ ಜೊತೆ ನೇರ ಚೌಕಾಸಿಗೆ ಇಳಿಯುವಂತಿಲ್ಲ. ಇದು ಚೌಕಾಸಿಯಲ್ಲ, ಬೇಕಾದವರು ತಗೊಳ್ಳಲಿ, ಬೇಡದವರು ಬಿಡಲಿ ಎಂಬುದು ಕಂಪನಿಯ ನಿಲುವು.

ಯೂನಿಯನ್ನಿನ ಸಿಟ್ಟಿಗೆ ಕಾರಣವಿದೆ. ಮೂರು ಲಕ್ಷ ನಲವತ್ತು ಸಾವಿರ ಜನ ಒಟ್ಟಿಗೆ ನಿಂತಾಗ ಕಂಪನಿ ಬೆವತಿತ್ತು. ಅದೇ ಜನರಲ್ಲಿ ಒಬ್ಬ ರಾತ್ರಿ ಊಟವಾದ ಮೇಲೆ ಅಡುಗೆಮನೆ ಮೇಜಿನ ಮುಂದೆ ಕಾಗದ ಹಿಡಿದು ಕೂತಾಗ ಅವನ ಎದುರಿಗಿರುವುದು ಹೆಂಡತಿ, ಮನೆ ಸಾಲದ ಕಂತಿನ ಚೀಟಿ ಮತ್ತು ಅರ್ಜಿಯ ಕೊನೇ ತಾರೀಖು. ಅಲ್ಲಿ ಓಬ್ರಯನ್ ಇಲ್ಲ, ಧ್ವನಿವರ್ಧಕವಿಲ್ಲ.

2023ರ ಒಪ್ಪಂದ ಮುಗಿಯುವುದು 2028ರ ಜುಲೈ 31ಕ್ಕೆ. ಆಗ ಮತ್ತೆ ಎರಡೂ ಕಡೆಯವರು ಮೇಜಿಗೆ ಬರಬೇಕು. ಇಳಿದುಹೋದವರ ಜಾಗವನ್ನು ತುಂಬುವುದೇ ಇಲ್ಲವೆಂದಾದರೆ ಅಷ್ಟು ಹೊತ್ತಿಗೆ ಮುಷ್ಕರದ ವೋಟು ಹಾಕಲು ಎಷ್ಟು ಜನ ಉಳಿದಿರುತ್ತಾರೆ ಎಂಬ ಲೆಕ್ಕವನ್ನು ಕಂಪನಿ ಹಾಕದೆ ಇರುತ್ತದೆಯೇ? ಎಡಕ್ಕೆ ತಿರುಗಲು ಎಷ್ಟು ಸೆಕೆಂಡು ದಂಡ ಎಂಬುದನ್ನೂ ಲೆಕ್ಕ ಹಾಕಿದವರು ಅವರು.